ತಕ್ಕಡಿಗೆ ಗೊತ್ತಿಲ್ಲದ ಬೆಲೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)

 

ಬಿ.ಎಡ್. ಓದುವಾಗ ಅಧ್ಯಾಪಕರೊಬ್ಬರು ನನ್ನನ್ನು ಕೇಳಿದರು: "ಉರ್ದು ಮಾಧ್ಯಮದವನು ನೀನು, ಇಷ್ಟು ಕನ್ನಡ ಎಲ್ಲಿ ಕಲಿತೆ?" ನಾನು "ಗ್ರಂಥಾಲಯದಲ್ಲಿ ಸರ್" ಎಂದೆ. ಅದು ಸುಳ್ಳು. ಇಂದು ನಿಮ್ಮೆದುರು ಅದನ್ನು ತಿದ್ದಿಕೊಳ್ಳುತ್ತೇನೆ. ನಾನು ಕನ್ನಡ ಕಲಿತದ್ದು ನನ್ನ ತಂದೆಯ ಗುಜರಿ ಅಂಗಡಿಯಲ್ಲಿ. ಅದನ್ನು ಹೇಳಲು ಆಗ ನಾಚಿಕೆಯಾಗಿತ್ತು.

ಅಬ್ಬಾ ತಳ್ಳುಗಾಡಿಯಲ್ಲಿ ಬೀದಿ ಸುತ್ತಿ ಹಳೆ ಪೇಪರ್, ಕಬ್ಬಿಣ, ಬಾಟಲಿ ಕೊಂಡು ತರುತ್ತಿದ್ದರು. ಸಂಜೆ ಅವನ್ನು ಬೇರ್ಪಡಿಸುವುದು ನನ್ನ ಕೆಲಸ. ತಕ್ಕಡಿಗೆ ಎಲ್ಲವೂ ಒಂದೇ, ಕಿಲೋ ಲೆಕ್ಕ. ಆ ರಾಶಿಯಲ್ಲಿ ‘ಚಂದಮಾಮ’ ಸಿಕ್ಕಿತು, ‘ಕಸ್ತೂರಿ’, ‘ಸುಧಾ’ ಸಿಕ್ಕವು. ದನದ ರೋಗಗಳ ಕೈಪಿಡಿ, ರೇಡಿಯೋ ರಿಪೇರಿ, ಯಾರದೋ ಪ್ರವಾಸ ಕಥನ, ಎಲ್ಲವನ್ನೂ ಓದಿದೆ. ಗುಜರಿಗೆ ಸಿಲಬಸ್ ಇಲ್ಲ. ಆದ್ದರಿಂದಲೇ ನನ್ನ ಓದಿಗೆ ಬೇಲಿ ಬೀಳಲಿಲ್ಲ.

ಒಮ್ಮೆ ರಟ್ಟಿಲ್ಲದ, ಮೊದಲ ಪುಟಗಳಿಲ್ಲದ ಒಂದು ಕಾದಂಬರಿ ಬಂತು. ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕುವವರ ಕಥೆ. ಹೆಸರೂ ತಿಳಿಯದೆ ಎರಡು ಸಲ ಓದಿದೆ. ಎಷ್ಟೋ ವರ್ಷದ ಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೆ ಪಠ್ಯಪುಸ್ತಕ ಹುಡುಕುವಾಗ ಅದೇ ಪುಸ್ತಕ ಇಡಿಯಾಗಿ ಸಿಕ್ಕಿತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, 1980ರ ಕೃತಿ. ಆ ದಿನ ಊಟದ ದುಡ್ಡು ಅದಕ್ಕೇ ಹೋಯಿತು. ಹಸಿವು ನೆನಪಿಲ್ಲ, ಕಥೆಯ ಆರಂಭ ಕೊನೆಗೂ ಸಿಕ್ಕ ಖುಷಿ ನೆನಪಿದೆ.

ಈ ದಾರಿಯಲ್ಲಿ ನಡೆದವನು ನಾನೊಬ್ಬನೇ ಅಲ್ಲ. ಉರ್ದುವಿನಲ್ಲಿ ಬರವಣಿಗೆ ಆರಂಭಿಸಿ ಮುಂದೆ ಹಿಂದಿಯಲ್ಲೂ ಬರೆದ ಪ್ರೇಮಚಂದರು ಬಾಲ್ಯದಲ್ಲಿ ಗೋರಖಪುರದ ಒಬ್ಬ ಪುಸ್ತಕ ವ್ಯಾಪಾರಿಯ ಗೈಡುಗಳನ್ನು ಶಾಲೆಯಲ್ಲಿ ಮಾರಿಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಅಂಗಡಿಯ ಕಾದಂಬರಿಗಳನ್ನು ಮನೆಗೊಯ್ದು ಓದುತ್ತಿದ್ದರು. ಮುಂದೆ, 1899ರಲ್ಲಿ, ಕೈಯಲ್ಲಿ ಕಾಸಿಲ್ಲದಾಗ ತಮ್ಮ ಗಣಿತದ ಗೈಡನ್ನು ಒಂದು ರೂಪಾಯಿಗೆ ಅಂಗಡಿಯಲ್ಲಿ ಮಾರಿದರು. ಅಲ್ಲೇ ಕುಳಿತಿದ್ದ ಮುಖ್ಯೋಪಾಧ್ಯಾಯರೊಬ್ಬರು ಅವರನ್ನು ವಿಚಾರಿಸಿ ತಿಂಗಳಿಗೆ 18 ರೂಪಾಯಿಯ ಶಿಕ್ಷಕ ಕೆಲಸ ಕೊಟ್ಟರು. ಇದನ್ನು ಅವರೇ ಬರೆದಿದ್ದಾರೆ.

ಅಗ್ಗದ ಪುಸ್ತಕದ ದೊಡ್ಡ ಲಾಭ ಹಣದ ಉಳಿತಾಯವಲ್ಲ, ಧೈರ್ಯ. ಮುನ್ನೂರು ರೂಪಾಯಿಯ ಪುಸ್ತಕ ಕೊಳ್ಳುವಾಗ ನಮಗೆ ಗೊತ್ತಿರುವ ಹೆಸರನ್ನೇ ಆರಿಸುತ್ತೇವೆ. ಇಪ್ಪತ್ತು ರೂಪಾಯಿಯದಾದರೆ ಗೊತ್ತಿಲ್ಲದವರನ್ನೂ ಮನೆಗೆ ಕರೆಯುತ್ತೇವೆ. ಸಾರಾ ಅಬೂಬಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ನನ್ನ ಮನೆಗೆ ಬಂದದ್ದು ಹಾಗೆ. ಕಾಸರಗೋಡಿನ ಅವರ ಮನೆಮಾತು ಮಲಯಾಳಂ, ಬರೆದದ್ದು ಕನ್ನಡದಲ್ಲಿ. ಮನೆಯ ಮಾತು ಬೇರೆಯಾದರೂ ಕನ್ನಡ ನನ್ನದೇ ಎಂದು ಧೈರ್ಯ ಕೊಟ್ಟವರು ಅವರು.

ಮಕ್ಕಳೇ, ಹಳೆ ಪುಸ್ತಕ ಕೊಳ್ಳುವಾಗ ಕೊನೆಯ ಪುಟವಿದೆಯೇ ನೋಡಿ, ಮುದ್ರಣದ ವರ್ಷ ನೋಡಿ. ಕಥೆ ಹಳತಾಗುವುದಿಲ್ಲ, ಕಾನೂನು, ವೈದ್ಯ, ಪರೀಕ್ಷೆಯ ಪುಸ್ತಕ ಹಳತಾಗುತ್ತದೆ. ಕಳ್ಳ ಮುದ್ರಣವನ್ನು ಮಾತ್ರ ಕೊಳ್ಳಬೇಡಿ. ಅದು ಹಳೆ ಪುಸ್ತಕವಲ್ಲ, ಬರೆದವರ ಅನ್ನ.

ಹಿರಿಯರಲ್ಲಿ ಒಂದು ಅರಿಕೆ. ನಮ್ಮಲ್ಲಿ ಎಷ್ಟೋ ಮನೆಗಳ ಕಸುಬು ಗುಜರಿ. ಊರಿನ ಪುಸ್ತಕಗಳು ನಮ್ಮ ಕೈ ದಾಟಿಯೇ ಕಾಗದದ ಕಾರ್ಖಾನೆಗೆ ಹೋಗುತ್ತಿವೆ. ನಮ್ಮ ಮಕ್ಕಳೋ ಕನ್ನಡ ಪತ್ರಿಕೆಯ ಮುಂದೆ ತಡವರಿಸುತ್ತಾರೆ. ತೂಕಕ್ಕೆ ಹಾಕುವ ಮುನ್ನ ಹತ್ತು ಪುಸ್ತಕ ತೆಗೆದಿಡಿ. ಶಾಲೆಯಲ್ಲಿ ಒಂದು ಪೆಟ್ಟಿಗೆ ಇಡುವ ಜವಾಬ್ದಾರಿ ನನ್ನದು.

ಅಬ್ಬಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೂ ಚಿತ್ರವಿರುವ ಪುಸ್ತಕ ಕಂಡರೆ ತಕ್ಕಡಿಯ ಪಕ್ಕ ಇಡುತ್ತಿದ್ದರು, "ಇದು ನಿನ್ನ ಪಾಲು" ಎಂದು. ಇಂದು ಆ ಪಾಲನ್ನು ನಿಮಗೂ ಹಂಚುತ್ತಿದ್ದೇನೆ.