ಒಂದು ಚಿಟಿಕೆ ಉಪ್ಪು, ಒಂದು ಕೊಳವೆ ಬಾವಿ

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



‘ಅಭಿವೃದ್ಧಿಶೀಲ ರಾಷ್ಟ್ರದಲ್ಲಿ ಆಡಳಿತ, ಸಾರ್ವಜನಿಕ ನೀತಿ ಮತ್ತು ಸುಸ್ಥಿರ ಅಭಿವೃದ್ಧಿ’ ಎಂಬುದು ಸಂಘಟಕರು ನನಗೆ ಕೊಟ್ಟ ವಿಷಯ. ಇಷ್ಟು ದೊಡ್ಡ ಹೆಸರನ್ನು ಕೇಳಿದಾಗಲೇ ಹಿಂದಿನ ಸಾಲಿನ ಮಕ್ಕಳು ಗಡಿಯಾರ ನೋಡಲು ಶುರು ಮಾಡಿದ್ದಾರೆ. ಆದ್ದರಿಂದ ಸಿದ್ಧಾಂತಗಳನ್ನು ಬದಿಗಿಟ್ಟು ಒಂದೇ ಒಂದು ದೇಶದ ಕಥೆಯನ್ನು ನಿಮ್ಮ ಮುಂದಿಡುತ್ತೇನೆ. ಅದು ಬಾಂಗ್ಲಾದೇಶ. ನಮ್ಮಲ್ಲಿ ಆ ದೇಶದ ಹೆಸರು ಕೇಳಿಬರುವುದು ಒಂದೋ ಕ್ರಿಕೆಟ್ ಪಂದ್ಯದ ದಿನ, ಇಲ್ಲವೇ ‘ನುಸುಳುಕೋರರು’ ಎಂಬ ಶಬ್ದದ ಜೊತೆ. ಆದರೆ ಆಡಳಿತದ ವಿದ್ಯಾರ್ಥಿಗಳಿಗೆ ಅದೊಂದು ದೊಡ್ಡ ಪಾಠಶಾಲೆ.

ಕರ್ನಾಟಕದ ಮುಕ್ಕಾಲು ಭಾಗದಷ್ಟು ಭೂಮಿ. ಅದರಲ್ಲಿ 16 ಕೋಟಿಗೂ ಹೆಚ್ಚು ಜನ. 1971ರ ಡಿಸೆಂಬರಿನಲ್ಲಿ ಆ ದೇಶ ಹುಟ್ಟುವ ಹೊತ್ತಿಗೆ, ಇದು ಎಂದೆಂದಿಗೂ ಇತರರ ದಾನದ ಮೇಲೆಯೇ ಬದುಕಬೇಕಾದ ದೇಶ ಎಂದು ಅಮೆರಿಕದ ಅಧಿಕಾರಿಗಳು ಹಗುರವಾಗಿ ಮಾತನಾಡಿಕೊಂಡಿದ್ದರು. ಅದಕ್ಕೆ ಒಂದು ವರ್ಷ ಮೊದಲು, 1970ರ ನವೆಂಬರ್ 12ರ ರಾತ್ರಿ, ಭೋಲಾ ಚಂಡಮಾರುತದಲ್ಲಿ ಕನಿಷ್ಠ 3 ಲಕ್ಷ ಜನ ಸತ್ತಿದ್ದರು. ಅದರ ಬೆನ್ನಿಗೇ ಯುದ್ಧ, ನಂತರ 1974ರ ಬರಗಾಲ.

ಆ ದೇಶದ ಆಡಳಿತವೂ ಹೊಗಳುವಂತಹದ್ದಾಗಿರಲಿಲ್ಲ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ ಭ್ರಷ್ಟಾಚಾರದ ಪಟ್ಟಿಯಲ್ಲಿ 2001ರಿಂದ 2005ರವರೆಗೆ ಸತತ ಐದು ವರ್ಷ ಬಾಂಗ್ಲಾದೇಶಕ್ಕೆ ಕಟ್ಟಕಡೆಯ ಸ್ಥಾನ. ಹೀಗಿದ್ದೂ 1990ರ ದಶಕದ ಮೊದಲ ವರ್ಷಗಳಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 130ಕ್ಕೂ ಹೆಚ್ಚು ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದ ದೇಶದಲ್ಲಿ 2022ರ ಸಮೀಕ್ಷೆಯ ಹೊತ್ತಿಗೆ ಆ ಸಂಖ್ಯೆ 31ಕ್ಕೆ ಇಳಿದಿತ್ತು. 1975ರಲ್ಲಿ ಒಬ್ಬ ತಾಯಿಗೆ ಸರಾಸರಿ ಆರಕ್ಕಿಂತ ಹೆಚ್ಚು ಮಕ್ಕಳು. 2011ರಲ್ಲಿ ಎರಡಕ್ಕಿಂತ ತುಸು ಹೆಚ್ಚು. ಕೆಟ್ಟ ಆಡಳಿತ, ಒಳ್ಳೆಯ ಫಲಿತಾಂಶ. ಇದು ಹೇಗೆ ಸಾಧ್ಯವಾಯಿತು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರು ಬಹಳಷ್ಟು ಬರೆದಿದ್ದಾರೆ. ನನಗೆ ಕಂಡ ಉತ್ತರವನ್ನು ಎರಡು ಉದಾಹರಣೆಗಳ ಮೂಲಕ ಹೇಳುತ್ತೇನೆ.

ಮೊದಲನೆಯದು ಚಿಟಿಕೆ ಉಪ್ಪು. ವಾಂತಿ ಭೇದಿಯಾದ ಮಗು ಸಾಯುವುದು ದೇಹದ ನೀರು ಮತ್ತು ಲವಣ ಬತ್ತುವುದರಿಂದ. ಸಕ್ಕರೆ ಅಥವಾ ಬೆಲ್ಲದ ಜೊತೆ ಉಪ್ಪು ಬೆರೆತ ನೀರನ್ನು ಕುಡಿಸಿದರೆ ಕರುಳು ಅದನ್ನು ಹೀರಿಕೊಳ್ಳುತ್ತದೆ. ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ 1968ರಲ್ಲಿಯೇ ಇದು ರೋಗಿಗಳ ಮೇಲೆ ಸಾಬೀತಾಗಿತ್ತು. 1971ರಲ್ಲಿ ನಮ್ಮ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಈ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು.

ಆದರೆ ವೈದ್ಯರಿಗೆ ಗೊತ್ತಿದ್ದರೆ ಸಾಕೇ? ಹಳ್ಳಿಯ ತಾಯಿಗೆ ಗೊತ್ತಾಗಬೇಡವೇ? ಫಜಲ್ ಹಸನ್ ಆಬಿದ್ ಅವರು 1972ರಲ್ಲಿ ಕಟ್ಟಿದ ಬ್ರಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಮನೆ ಮನೆಗೆ ಮಹಿಳಾ ಕಾರ್ಯಕರ್ತೆಯರನ್ನು ಕಳಿಸಿತು. ಮೂರು ಬೆರಳಿನ ಚಿಟಿಕೆಯಷ್ಟು ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಇದನ್ನು ತಾಯಂದಿರ ಕೈಯಲ್ಲೇ ಮಾಡಿಸಿ ಕಲಿಸಿದರು. ಹೀಗೆ ತಲುಪಿದ ಮನೆಗಳು 1.2 ಕೋಟಿಗೂ ಹೆಚ್ಚು.

ಇಲ್ಲಿ ಗಮನಿಸಬೇಕಾದದ್ದು ಕಾರ್ಯಕರ್ತೆಯ ಸಂಬಳದ ಲೆಕ್ಕ. ಎಷ್ಟು ಮನೆಗೆ ಹೋಗಿ ಬಂದಳು ಎಂಬುದಕ್ಕೆ ಸಂಬಳ ಇರಲಿಲ್ಲ. ಕೆಲವು ವಾರಗಳ ನಂತರ ಬೇರೊಬ್ಬರು ಬಂದು ಕೆಲವು ಮನೆಗಳನ್ನು ಆರಿಸಿ, ತಾಯಿಗೆ ಏನು ನೆನಪಿದೆ, ಪಾನಕ ಸರಿಯಾಗಿ ಮಾಡುತ್ತಾಳೆಯೇ ಎಂದು ಪರೀಕ್ಷಿಸುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅಷ್ಟು ಸಂಬಳ! ನಮ್ಮ ಶಿಕ್ಷಕ ಮಿತ್ರರು ನಗುತ್ತಿದ್ದೀರಿ. ನಮ್ಮ ಶಾಲೆಗಳಲ್ಲಿ ಈ ನಿಯಮ ತಂದರೆ ಗತಿಯೇನು ಎಂದು ಯೋಚಿಸುತ್ತಿರಬಹುದು.

ಇಷ್ಟಾದರೂ ಮೊದಮೊದಲು ತಾಯಂದಿರು ಕಲಿತರೇ ಹೊರತು ಮಗುವಿಗೆ ಭೇದಿಯಾದಾಗ ಕುಡಿಸಲಿಲ್ಲ. ಏಕೆಂದು ವಿಚಾರಿಸಿದಾಗ ಎರಡು ಕಾರಣ ತಿಳಿದುಬಂತು. ಕಲಿಸಲು ಹೋದ ಕಾರ್ಯಕರ್ತೆಯರಿಗೇ ಈ ನೀರಿನ ಮೇಲೆ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದರೆ ಅವರು ಮಾತ್ರೆ ನುಂಗುತ್ತಿದ್ದರು. ಎರಡನೆಯದಾಗಿ, ಮನೆಯ ಗಂಡಸರಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಆಗ ಕಾರ್ಯಕರ್ತೆಯರನ್ನು ಢಾಕಾಕ್ಕೆ ಕರೆತಂದು ಪ್ರಯೋಗಾಲಯದ ಆಸ್ಪತ್ರೆಯಲ್ಲಿ ರೋಗಿಗಳು ಎದ್ದು ಕೂರುವುದನ್ನು ತೋರಿಸಿದರು. ಸಂತೆಯಲ್ಲಿ, ಶಾಲೆಯಲ್ಲಿ, ಮಸೀದಿಯಲ್ಲಿ ಗಂಡಸರನ್ನು ಸೇರಿಸಿ ವಿವರಿಸಿದರು. ಆಮೇಲೆ ಕೆಲಸ ಹಿಡಿಯಿತು. 2011ರ ಸಮೀಕ್ಷೆಯ ಹೊತ್ತಿಗೆ ಭೇದಿಯಾದ ನಾಲ್ಕು ಮಕ್ಕಳಲ್ಲಿ ಮೂವರಿಗೆ ಓಆರ್‌ಎಸ್ ಸಿಗುತ್ತಿತ್ತು.

ಚಂಡಮಾರುತದ ವಿಷಯದಲ್ಲೂ ಹೀಗೆಯೇ ತಿದ್ದಿಕೊಳ್ಳುತ್ತಾ ಹೋದರು. 1972ರಲ್ಲಿ ಸ್ವಯಂಸೇವಕರ ಪಡೆ ಕಟ್ಟಿದರು. ಧ್ವಜ, ಮೆಗಾಫೋನ್, ಕೈಯಿಂದ ತಿರುಗಿಸುವ ಸೈರನ್, ಇಷ್ಟೇ ಆಯುಧ. ಆದರೂ 1991ರ ಏಪ್ರಿಲಿನಲ್ಲಿ ಸುಮಾರು 1.38 ಲಕ್ಷ ಜನ ಸತ್ತರು. ಅವರಲ್ಲಿ ಹೆಂಗಸರೇ ಹೆಚ್ಚು. ಆಶ್ರಯ ತಾಣಗಳು ಸಾಲುತ್ತಿರಲಿಲ್ಲ, ಅಲ್ಲಿ ಹೆಂಗಸರಿಗೆ ಬೇರೆ ಜಾಗ ಇರಲಿಲ್ಲ, ಗಂಡ ಬರುವವರೆಗೆ ಮನೆ ಬಿಡುವಂತಿರಲಿಲ್ಲ. ದನಕರುಗಳನ್ನು ಬಿಟ್ಟು ಬರಲು ರೈತರು ಒಪ್ಪುತ್ತಿರಲಿಲ್ಲ. ನಂತರ ಕಂಬಗಳ ಮೇಲೆ ಎತ್ತರಿಸಿ ಶಾಲೆಗಳನ್ನೇ ಆಶ್ರಯ ತಾಣವಾಗಿ ಕಟ್ಟಿದರು, ಹೆಂಗಸರಿಗೆ ಪ್ರತ್ಯೇಕ ಕೋಣೆ ಮಾಡಿದರು, ದನಗಳಿಗೆ ಮಣ್ಣಿನ ದಿಬ್ಬ ಎಬ್ಬಿಸಿದರು. ಇಂದು ಆ 75 ಸಾವಿರಕ್ಕೂ ಹೆಚ್ಚಿನ ಸ್ವಯಂಸೇವಕರಲ್ಲಿ ಅರ್ಧದಷ್ಟು ಮಹಿಳೆಯರು. 2007ರ ಸಿದ್ರ್ ಚಂಡಮಾರುತದಲ್ಲಿ ಸತ್ತವರು ಸುಮಾರು 3,400. 2020ರ ಅಂಫಾನ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಿದರು. ಬಾಂಗ್ಲಾದೇಶದಲ್ಲಿ ಸತ್ತವರು 30ಕ್ಕಿಂತ ಕಡಿಮೆ.

ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಹೇಳದೆ ಮುಂದೆ ಹೋದರೆ ಈ ಸಭೆ ನನ್ನನ್ನು ಬಿಡದು. 1994ರಲ್ಲಿ ಅಲ್ಲಿನ ಸರಕಾರ ಗ್ರಾಮೀಣ ಪ್ರೌಢಶಾಲೆಯ ಎಲ್ಲ ಬಾಲಕಿಯರಿಗೆ ವಿದ್ಯಾರ್ಥಿವೇತನ ಆರಂಭಿಸಿತು. ಷರತ್ತುಗಳು ಮೂರು: ಶೇ. 75 ಹಾಜರಿ, ಶೇ. 45 ಅಂಕ, ಮತ್ತು ಪ್ರೌಢಶಾಲೆ ಮುಗಿಯುವವರೆಗೆ ಮದುವೆ ಇಲ್ಲ. ಹಣ ಬಾಲಕಿಯ ಹೆಸರಿನ ಬ್ಯಾಂಕ್ ಖಾತೆಗೆ. ಮಾನ್ಯತೆ ಪಡೆದ ಮದ್ರಸಗಳಿಗೂ ಇದು ಅನ್ವಯವಾಯಿತು. ಸರಕಾರಿ ಪಠ್ಯವನ್ನು ಒಪ್ಪಿಕೊಂಡ ಆಲಿಯಾ ಮದ್ರಸಗಳು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದವು; ಕೆಲವೇ ವರ್ಷಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಹುಡುಗಿಯರಾದರು. ಪ್ರೌಢಶಾಲೆಗಳಲ್ಲಿ ಹುಡುಗಿಯರು ಹುಡುಗರನ್ನು ಮೀರಿಸಿದರು. ಆದರೂ ಅಲ್ಲಿ ಇಂದಿಗೂ ಅರ್ಧದಷ್ಟು ಹೆಣ್ಣುಮಕ್ಕಳಿಗೆ 18 ತುಂಬುವ ಮೊದಲೇ ಮದುವೆಯಾಗುತ್ತಿದೆ ಎಂಬುದನ್ನು ಮುಚ್ಚಿಡಬಾರದು. ವಿದ್ಯಾರ್ಥಿವೇತನ ಮದುವೆಯನ್ನು ಮುಂದೂಡಿತು, ವರದಕ್ಷಿಣೆಯ ಮುಂದೆ ಸೋತಿತು.

ಇನ್ನು ಕೊಳವೆ ಬಾವಿ. ಇದೇ ನನ್ನ ಮಾತಿನ ಮುಖ್ಯ ಭಾಗ.

ಹಳ್ಳಿಗರು ಕೆರೆ ಹೊಂಡದ ನೀರು ಕುಡಿದು ಕಾಲರಾದಿಂದ ಸಾಯುತ್ತಿದ್ದಾರೆಂದು 1970ರ ದಶಕದಲ್ಲಿ ಸರಕಾರ ಮತ್ತು ಯುನಿಸೆಫ್ ಕೈಪಂಪಿನ ಕೊಳವೆ ಬಾವಿಗಳನ್ನು ಹಾಕಿಸತೊಡಗಿದವು. ಸದುದ್ದೇಶದ ಕೆಲಸ. ನೀರು ತಿಳಿಯಾಗಿತ್ತು, ತಂಪಾಗಿತ್ತು. ಜನ ತಾವೇ ಹಣ ಹಾಕಿ ಅಂಗಳದಲ್ಲಿ ಬಾವಿ ಕೊರೆಸಿಕೊಂಡರು. ಹಿಮಾಲಯದಿಂದ ನದಿಗಳು ತಂದು ಹಾಸಿದ ಮೆಕ್ಕಲು ಮಣ್ಣಿನ ಮೇಲ್ಪದರದಲ್ಲಿ ಆರ್ಸೆನಿಕ್ ಇತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಯಾರೂ ಅದನ್ನು ಪರೀಕ್ಷಿಸಲಿಲ್ಲ. ವರ್ಷಗಳ ನಂತರ ಅಂಗೈ ಅಂಗಾಲು ಗಡುಸಾಗಿ ಕಪ್ಪು ಮಚ್ಚೆಗಳು ಬಂದವು, ನಂತರ ಕ್ಯಾನ್ಸರ್. ಕುಷ್ಠವೆಂದು ತಿಳಿದು ಗಂಡಂದಿರು ಹೆಂಡತಿಯರನ್ನು ತವರಿಗೆ ಕಳಿಸಿದ ಪ್ರಸಂಗಗಳಿವೆ.

ಪಕ್ಕದ ಪಶ್ಚಿಮ ಬಂಗಾಳದಲ್ಲಿ 1980ರ ದಶಕದಲ್ಲೇ ಇದು ಪತ್ತೆಯಾಗಿತ್ತು. ಬಾಂಗ್ಲಾದೇಶದಲ್ಲಿ ಬಾವಿಯ ನೀರಿನಲ್ಲಿ ಆರ್ಸೆನಿಕ್ ಇರುವುದು ದೃಢಪಟ್ಟದ್ದು 1993ರಲ್ಲಿ, ನವಾಬ್‌ಗಂಜ್‌ನಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯೊಂದು ಇದನ್ನು ಇತಿಹಾಸದ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನವೆಂದು ಕರೆಯಿತು. ಬ್ರಿಟಿಷ್ ಭೂವಿಜ್ಞಾನ ಸಂಸ್ಥೆ 1992ರಲ್ಲಿ ಅಲ್ಲಿನ ಅಂತರ್ಜಲವನ್ನು ಪರೀಕ್ಷಿಸಿತ್ತು, ಆದರೆ ಆರ್ಸೆನಿಕ್‌ಗಾಗಿ ಅಲ್ಲ. ಆ ಹಳ್ಳಿಗಳ ಒಬ್ಬ ಗ್ರಾಮಸ್ಥ ಲಂಡನ್ನಿನ ನ್ಯಾಯಾಲಯಕ್ಕೆ ಹೋದ. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್ ದಾವೆಯನ್ನು ತಳ್ಳಿಹಾಕಿತು. ಆ ಸಂಸ್ಥೆಗೆ ಗ್ರಾಮಸ್ಥರ ವಿಷಯದಲ್ಲಿ ಅಂತಹ ಹೊಣೆಗಾರಿಕೆ ಇರಲಿಲ್ಲವಂತೆ. ಹಾಗಾದರೆ ಯಾರನ್ನು ಕೇಳಬೇಕು?

2000ದಿಂದ 2003ರ ನಡುವೆ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಸುರಕ್ಷಿತ ಪಂಪಿಗೆ ಹಸಿರು, ವಿಷದ ಪಂಪಿಗೆ ಕೆಂಪು ಬಣ್ಣ ಬಳಿದರು. ಸುಮಾರು 14 ಲಕ್ಷ ಪಂಪುಗಳು ಕೆಂಪಾದವು. ಒಳ್ಳೆಯ ಕೆಲಸವೇ. ಆದರೆ ಮಳೆಗೆ ಬಿಸಿಲಿಗೆ ಬಣ್ಣ ಹೋಯಿತು, ಹೊಸ ಬಾವಿಗಳು ಬಂದವು, ಪರೀಕ್ಷಿಸಿದವರು ಬಹಳ ವರ್ಷ ಮತ್ತೆ ಬರಲಿಲ್ಲ. ಪರಿಹಾರ ಗೊತ್ತಿತ್ತು: 150 ಮೀಟರಿಗಿಂತ ಆಳಕ್ಕೆ ಕೊರೆದರೆ ಬಹುತೇಕ ಕಡೆ ಶುದ್ಧ ನೀರು ಸಿಗುತ್ತದೆ. ಬಡವನಿಗೆ ಅಷ್ಟು ಹಣವಿಲ್ಲ, ಸರಕಾರ ಕೊರೆಸಬೇಕು. ಸರಕಾರ ಕೊರೆಸಿತು. ಎಲ್ಲಿ? ಹೊಸ ಬಾವಿಗಳ ಅರ್ಧದಷ್ಟು ಜಾಗಗಳನ್ನು ನಿರ್ಧರಿಸುವಲ್ಲಿ ಸಂಸದರ ಮಾತು ನಡೆಯುತ್ತಿತ್ತು ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2016ರಲ್ಲಿ ವರದಿ ಮಾಡಿತು. ಪಕ್ಷದವರ, ಬಂಧುಗಳ ಅಂಗಳದಲ್ಲಿ ಬಾವಿ ಬಂತು. ಕೆಂಪು ಪಂಪಿನ ಕೇರಿ ಹಾಗೆಯೇ ಉಳಿಯಿತು. ಆಗಲೂ ಸುಮಾರು 2 ಕೋಟಿ ಜನ ಮಿತಿ ಮೀರಿದ ಆರ್ಸೆನಿಕ್ ನೀರು ಕುಡಿಯುತ್ತಿದ್ದರು.

ಅದೇ ದೇಶ, ಅದೇ ಜನ, ಅದೇ ಸರಕಾರ. ಚಿಟಿಕೆ ಉಪ್ಪು ಗೆದ್ದಿತು, ಕೊಳವೆ ಬಾವಿ ಸೋತಿತು. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಕಾರಣ ಹೀಗಿದೆ. ಉಪ್ಪು ಬೆಲ್ಲದಲ್ಲಿ ಕಮಿಷನ್ ಇಲ್ಲ, ಆದ್ದರಿಂದ ಅದರ ಮೇಲೆ ಯಾರ ಕಣ್ಣೂ ಬೀಳಲಿಲ್ಲ. ಆಳದ ಬಾವಿಯಲ್ಲಿ ಟೆಂಡರ್ ಇದೆ, ಗುತ್ತಿಗೆದಾರ ಇದ್ದಾನೆ, ಹಂಚುವ ಅಧಿಕಾರ ಇದೆ. ಜೊತೆಗೆ, ಉಪ್ಪಿನ ಪಾಠ ಹೇಳಿದವರ ಹಿಂದೆ ಪರೀಕ್ಷಿಸುವವರು ಮತ್ತೆ ಅದೇ ಬಾಗಿಲಿಗೆ ಬರುತ್ತಿದ್ದರು. ಬಾವಿ ಕೊರೆದವರು ಎಷ್ಟು ಬಾವಿ ಕೊರೆದೆವೆಂದು ಎಣಿಸಿದರು, ಕುಡಿದವರಿಗೆ ಏನಾಯಿತೆಂದು ನೋಡಲಿಲ್ಲ. ಕೆಟ್ಟ ಆಡಳಿತದಲ್ಲೂ ಒಳ್ಳೆಯ ಕೆಲಸ ನಡೆಯಬಹುದು, ಹಣ ಒಳಗೆ ಬರುವವರೆಗೆ ಮಾತ್ರ. 2013ರ ಏಪ್ರಿಲಿನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರು ಸತ್ತದ್ದೂ ಹೀಗೆಯೇ: ಹಿಂದಿನ ದಿನವೇ ಬಿರುಕು ಕಂಡಿತ್ತು, ಆದರೂ ಒಳಗೆ ಕಳಿಸಿದರು. 2024ರಲ್ಲಿ ವಿದ್ಯಾರ್ಥಿಗಳು ಮೀಸಲಾತಿಯ ಪ್ರಶ್ನೆ ಹಿಡಿದು ಬೀದಿಗಿಳಿದಾಗ ಸರಕಾರ ಗುಂಡಿನಿಂದ ಉತ್ತರಿಸಿತು, ಆಗಸ್ಟ್ 5ರಂದು ಪ್ರಧಾನಿ ದೇಶ ಬಿಟ್ಟರು. ಸತ್ತವರು 1,400ರವರೆಗೆ ಇರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಅಂದಾಜು ಮಾಡಿದೆ.

ನಮ್ಮ ಕಡೆಗೆ ಬರೋಣ. ಪಾವಗಡ, ಮುಳಬಾಗಿಲು, ಬಾಗೇಪಲ್ಲಿಗಳಲ್ಲಿ ಕೆರೆ ಬತ್ತಿದ ಮೇಲೆ ಬೋರ್‌ವೆಲ್ ಆಳಕ್ಕೆ ಹೋದಂತೆ ಫ್ಲೋರೈಡ್ ಮೇಲೆ ಬಂತು. ಮಕ್ಕಳ ಹಲ್ಲಿನ ಕಲೆ, ಹಿರಿಯರ ಬಾಗಿದ ಮೂಳೆ ಅದರ ಗುರುತು. 2019ರ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನ ಆ ಐವರು ಯಾರು? ಪಂಚಾಯತಿಯಲ್ಲಿ ಕೇಳಿ, ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ.

ಸರಕಾರವನ್ನು ಮಾತ್ರ ಕೇಳಿ ಸುಮ್ಮನಾಗುವಂತಿಲ್ಲ. ಸಾಚಾರ್ ಸಮಿತಿಯ 2006ರ ವರದಿಯ ನಂತರ ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಬಂತು. 2022ರಲ್ಲಿ 1ರಿಂದ 8ನೇ ತರಗತಿಯವರಿಗೆ ಅದನ್ನು ನಿಲ್ಲಿಸಲಾಯಿತು. ನಾವೆಲ್ಲ ಪ್ರತಿಭಟಿಸಿದೆವು, ಸರಿಯಾಗಿಯೇ ಪ್ರತಿಭಟಿಸಿದೆವು. ಆದರೆ 2023ರಲ್ಲಿ ಅಲ್ಪಸಂಖ್ಯಾತ ಸಚಿವಾಲಯ ದೇಶದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ನಕಲಿ ಎಂದು ಹೇಳಿ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿತು. ಅವುಗಳಲ್ಲಿ ಮದ್ರಸಗಳ ಹೆಸರೂ ಇತ್ತು. ಹಣ ಹೋದದ್ದು ಬಡ ಮಗುವಿನ ಹೆಸರಿನಲ್ಲಿ. ಅಮಾನತ್ ಎಂಬ ಪದವನ್ನು ನಾವು ಖುತುಬಾಗಳಲ್ಲಿ ಎಷ್ಟು ಸಲ ಕೇಳಿಲ್ಲ? ಇದಕ್ಕಿಂತ ಸ್ಪಷ್ಟವಾದ ಅಮಾನತ್ ಇನ್ನೊಂದಿಲ್ಲ.

ಆದ್ದರಿಂದ ಈ ಸಂಘಕ್ಕೆ ನನ್ನದೊಂದು ವಿನಂತಿ. ನೀವು ಹಂಚುವ ವಿದ್ಯಾರ್ಥಿವೇತನದ ಲೆಕ್ಕವನ್ನು ಎಷ್ಟು ಚೆಕ್ ಕೊಟ್ಟೆವು, ಎಷ್ಟು ಫೋಟೋ ತೆಗೆದೆವು ಎಂಬಲ್ಲಿಗೆ ನಿಲ್ಲಿಸಬೇಡಿ. ಎರಡು ವರ್ಷದ ನಂತರ ಆ ಮಗು ಎಲ್ಲಿದೆ, ಶಾಲೆಯಲ್ಲಿದೆಯೋ, ಗ್ಯಾರೇಜಿನಲ್ಲಿದೆಯೋ, ಮದುವೆಯಾಗಿ ಹೋಯಿತೋ ಎಂದು ಅದೇ ಮನೆಯ ಬಾಗಿಲಿಗೆ ಹೋಗಿ ಕೇಳಿ ಬರಲು ಇಬ್ಬರನ್ನು ನೇಮಿಸಿ. ಹಂಚಿದವರೇ ಹೋಗಬಾರದು, ಬೇರೆಯವರು ಹೋಗಬೇಕು. ಅವರು ತಂದ ವರದಿಯನ್ನು ಮುಂದಿನ ವರ್ಷದ ಈ ಸಂಚಿಕೆಯಲ್ಲಿ, ಚೆನ್ನಾಗಿಲ್ಲದಿದ್ದರೂ ಸರಿ, ಪೂರ್ತಿಯಾಗಿ ಅಚ್ಚು ಹಾಕಿ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು. ವಿದ್ಯಾರ್ಥಿನಿಯರು ಮೊದಲು ಕೇಳಲಿ.