ನೀರಿನ ದಾರಿ ಬಿಟ್ಟು ಜಾಗ ಹುಡುಕಿರಿ

(ಅಂಕೋಲೆಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯುತ್ತನ್ನು ಕೂಡಿಡುವ ಬ್ಯಾಟರಿ ಕೇಂದ್ರಗಳ ವಿಷಯವಾಗಿ ನಾವು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಇದು ಇಂಜಿನಿಯರರ ಮಾತು, ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ. ಗಿರಣಿ ನಿಂತರೆ ಆ ದಿನದ ಕೂಲಿಯೂ ನಿಲ್ಲುತ್ತದೆ. ಕೂಲಿ ನಿಂತ ಸಂಜೆ ಅಂಗಡಿಯ ಗಲ್ಲೆಯೂ ಬರಿದು. ಆದುದರಿಂದ ಇದು ನಮ್ಮದೇ ಮಾತು.

ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೌರ ವಿದ್ಯುತ್ ಕೇಂದ್ರವಿದೆ. ಬಿಸಿಲಿದ್ದಾಗ ಅಲ್ಲಿ ವಿದ್ಯುತ್ತು ಧಾರಾಳ. ನಾವು ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಹಗಲಿನದನ್ನು ಸಂಜೆಗೆ ಉಳಿಸಲು ದೊಡ್ಡ ಕಬ್ಬಿಣದ ಪೆಟ್ಟಿಗೆಗಳಲ್ಲಿ ಬ್ಯಾಟರಿಗಳನ್ನು ಸಾಲಾಗಿ ಇಡುತ್ತಾರೆ. 2025ರಲ್ಲಿ ದಿಲ್ಲಿಯ ಕಿಲೋಕ್ರಿಯಲ್ಲಿ 20 ಮೆಗಾವ್ಯಾಟ್ ವಿದ್ಯುತ್ತನ್ನು ಎರಡು ತಾಸು ಕೊಡಬಲ್ಲ ಇಂಥದೊಂದು ಕೇಂದ್ರ ಆರಂಭವಾಯಿತು. ನಾಳೆ ನಮ್ಮ ಕಡೆಗೂ ಬಂದೀತು. ಬರಲಿ, ನಾವು ಅದರ ವಿರೋಧಿಗಳಲ್ಲ. ಎಲ್ಲಿ ಕಟ್ಟುತ್ತೀರಿ ಎಂಬುದೇ ನಮ್ಮ ಪ್ರಶ್ನೆ.

ಕಟ್ಟುವವರು ಸಮತಟ್ಟಾದ, ಅಗ್ಗದ, ವಿದ್ಯುತ್ ಉಪಕೇಂದ್ರಕ್ಕೆ ಹತ್ತಿರವಾದ ಭೂಮಿಯನ್ನು ಹುಡುಕುತ್ತಾರೆ. ಕಾರವಾರ ಅಂಕೋಲೆಗಳಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ. ನಡುವೆ ಸಮತಟ್ಟಾಗಿರುವುದು ಗದ್ದೆ ಮತ್ತು ಗಜನಿ. ಗಜನಿ ಅಗ್ಗವೇಕೆ? ಅದರ ಮೊದಲನೆಯ ಒಡೆಯ ನೀರು!

ಅಂಥ ಜಾಗಕ್ಕೆ ಮಣ್ಣು ತುಂಬಿ ಎತ್ತರಿಸಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ಸಣ್ಣದೊಂದು ಲೆಕ್ಕ ಮಾಡೋಣ. ಒಂದು ಎಕರೆಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು ನಾಲ್ಕು ಲಕ್ಷ ಲೀಟರು ನೀರು. ಆಷಾಢದಲ್ಲಿ ನಮಗೆ ಅದು ಒಂದೇ ದಿನದ ಮಳೆ. ಗದ್ದೆಯಾಗಿದ್ದರೆ ಆ ನೀರು ನಿಂತು, ಇಂಗಿ, ನಿಧಾನವಾಗಿ ಹರಿಯುತ್ತಿತ್ತು. ಮಣ್ಣು ತುಂಬಿ ಕಾಂಕ್ರೀಟು ಹಾಕಿದ ಮೇಲೆ ಅಷ್ಟೂ ನೀರು ಪಕ್ಕದ ಕೇರಿಗೆ ನುಗ್ಗುತ್ತದೆ. ಗಟಾರ ತೋಡಿದರೂ ಸಾಲದು. ಭರತ ಏರಿದ ಹೊತ್ತಿಗೆ ನದಿಯ ಬಾಯಲ್ಲಿ ಗಟಾರದ ನೀರು ಹೊರಗೆ ಹೋಗುವುದಿಲ್ಲ, ಹಿಂದಕ್ಕೇ ಬರುತ್ತದೆ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನ ಬಾಗಿಲುಗಳನ್ನು ತೆರೆದಾಗ ಕಾಳಿಯ ದಂಡೆಯ ಹಳ್ಳಿಗಳು ಮುಳುಗಿದುವು. ಮಳೆ, ಭರತ, ಅಣೆಕಟ್ಟಿನ ನೀರು ಈ ಮೂರೂ ಒಂದೇ ರಾತ್ರಿ ಬಂದರೆ ಎಷ್ಟು ಏರುತ್ತದೆ ಎಂಬ ಲೆಕ್ಕವಿಲ್ಲದ ನಕ್ಷೆ ನಮಗೆ ನಕ್ಷೆಯೇ ಅಲ್ಲ.

ಹಾಗಾದರೆ ಗುಡ್ಡ ಕಡಿದು ಸಮಮಾಡಿ ಅಲ್ಲಿ ಇಡೋಣವೆಂದರೆ ಅದೂ ಸುಲಭವಲ್ಲ. ಅಕ್ಟೋಬರ್ 2009ರಲ್ಲಿ ಕಾರವಾರದ ಕಡವಾಡದ ಬಳಿ ಗುಡ್ಡ ಕುಸಿದು 19 ಜನ ಸತ್ತರು. 2024ರ ಜುಲೈ 16ರಂದು ನಮ್ಮ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಗಂಗಾವಳಿಗೆ ಜಾರಿತು. ಮಣ್ಣು ನೂಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಈಚೆ ದಡದ ಕೆಲಸಕ್ಕೂ ಉಳುವರೆಯವರಿಗೂ ಏನು ಸಂಬಂಧವಿತ್ತು? ನೀರನ್ನು ನೂಕಿದವನೊಬ್ಬ, ಅದರ ಪೆಟ್ಟು ತಿನ್ನುವವನು ಇನ್ನೊಬ್ಬ. ಇದೇ ನಾವು ಹೇಳಬೇಕೆಂದ ಮುಖ್ಯ ಮಾತು.

ಬ್ಯಾಟರಿಗೆ ನೀರು ತಗುಲಿದರೆ ಆಗುವ ನಷ್ಟ ಯಂತ್ರದ್ದಷ್ಟೇ ಅಲ್ಲ. 2022ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಚಂಡಮಾರುತ ಬಂದು ಸಮುದ್ರದ ನೀರಿನಲ್ಲಿ ಮುಳುಗಿದ ಬ್ಯಾಟರಿ ಕಾರುಗಳಲ್ಲಿ ಕೆಲವು, ನೀರು ಇಳಿದ ಮೇಲೆ ಹೊತ್ತಿ ಉರಿದುವು. ಉಪ್ಪುನೀರು ಒಳಗೆ ಹೊಕ್ಕು ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಡುತ್ತದೆ. ನಮ್ಮ ಗಜನಿಗೆ ಬರುವುದೂ ಉಪ್ಪುನೀರೇ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಮಾಸ್ ಲ್ಯಾಂಡಿಂಗ್ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಇಂಥ ಬೆಂಕಿಗೆ ಸುರಿದ ನೀರು ವಿಷ ಬೆರೆತು ಹರಿಯುತ್ತದೆ. ಅದು ಅಳಿವೆಗೆ ಇಳಿದರೆ ಮೀನು ಹಿಡಿಯುವವರ, ಚಿಪ್ಪಿ ಆರಿಸುವ ಹೆಂಗಸರ ಅನ್ನಕ್ಕೇ ಸಂಚಕಾರ.

ನಮ್ಮ ಜಿಲ್ಲೆಗೆ ಇಂಥ ಯೋಜನೆ ಬಂದ ದಿನ ನಾವೆಲ್ಲ ಸೇರಿ ಐದು ಪ್ರಶ್ನೆ ಕೇಳೋಣ. 2019ರ ನೀರು ಈ ಜಾಗದಲ್ಲಿ ಎಲ್ಲಿಯವರೆಗೆ ಬಂದಿತ್ತು? ಪೆಟ್ಟಿಗೆಗಳ ಕಟ್ಟೆ ಅದಕ್ಕಿಂತ ಎಷ್ಟು ಎತ್ತರ? ಇಲ್ಲಿಂದ ಹೊರಳಿದ ನೀರು ಯಾರ ಅಂಗಳಕ್ಕೆ ಹೋಗುತ್ತದೆ, ಅದನ್ನು ತಡೆದು ನಿಧಾನವಾಗಿ ಬಿಡಲು ಕೆರೆಯುಂಟೇ? ಬೆಂಕಿ ನಂದಿಸಿದ ನೀರನ್ನು ಒಳಗೇ ಹಿಡಿದಿಡಲು ಗಟಾರಕ್ಕೆ ಮುಚ್ಚುವ ಬಾಗಿಲುಂಟೇ? ಪ್ರತಿವರ್ಷ ಮಿರ್ಗದ ಮೊದಲು ಆ ಗಟಾರದ ಹೂಳು ತೆಗೆಯುವ ಹೊಣೆ ಯಾರದು?

ಮೊದಲನೆಯ ಪ್ರಶ್ನೆಯ ಉತ್ತರ ಕಚೇರಿಗಿಂತ ಮೊದಲು ನಮ್ಮಲ್ಲೇ ಇದೆ. ಮನೆಯ ಗೋಡೆಯಲ್ಲಿ ಕೆಸರಿನ ಗೆರೆ ಇದ್ದವರು ಅದಕ್ಕೆ ಸುಣ್ಣ ಬಳಿಯುವ ಮೊದಲು ಅಳೆದಿಡಿರಿ. ನೆಲದಿಂದ ಎಷ್ಟು ಗೇಣು ಎಂದು ವಹಿಯಲ್ಲಿ ಬರೆದಿಡಿರಿ, ಇಸವಿಯನ್ನೂ ಹಾಕಿರಿ. ಅಧಿಕಾರಿಗಳು ನಕ್ಷೆ ಬಿಚ್ಚಿದ ದಿನ ನಾವು ಆ ವಹಿಯನ್ನು ಬಿಚ್ಚೋಣ.