ಎಲೀಯನಿಗೆ ಸಿಕ್ಕ ರೊಟ್ಟಿ



ಈ ವೇದಿಕೆಯಲ್ಲಿ ದೈವನಂಬಿಕೆಯ ಕುರಿತು ಮಾತನಾಡಲು ನನಗೆ ಸಂಕೋಚವಿದೆ. ಇಲ್ಲಿರುವ ಬಹಳಷ್ಟು ಮಂದಿ ಧರ್ಮವನ್ನು ಅನುಮಾನದಿಂದ ನೋಡುವವರು. ಆ ಅನುಮಾನಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿ ಬೇಕಾದಷ್ಟು ಕಾರಣಗಳಿವೆ ಎಂಬುದನ್ನು ನಾನೂ ಒಪ್ಪುತ್ತೇನೆ. ವಲಸೆ ಮತ್ತು ದುಡಿಮೆಯ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದಾಗ, ಗುತ್ತಿಗೆ ಮತ್ತು ವೀಸಾಗಳ ಕುರಿತು ಒಂದು ಪ್ರಬಂಧವನ್ನು ಓದಿ ಮುಗಿಸಬಹುದಿತ್ತು. ಆದರೆ ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಅನುಭವಿಸಿದ ಕಿರುಕುಳವನ್ನೂ, ಅದರಿಂದ ಚೇತರಿಸಿಕೊಳ್ಳಲು ಕ್ರೈಸ್ತ ನಂಬಿಕೆ ನನಗೆ ಎಲ್ಲಿ ಒದಗಿತು, ಎಲ್ಲಿ ಒದಗಲಿಲ್ಲ ಎಂಬುದನ್ನೂ ಬಿಟ್ಟು ಉಳಿದದ್ದನ್ನು ಮಾತನಾಡಿದರೆ ನಿಮ್ಮೆದುರು ಅರ್ಧಸತ್ಯವನ್ನು ಇಟ್ಟಂತಾಗುತ್ತದೆ.

ಡಾಕ್ಟರೇಟ್ ಮುಗಿಸಿದ ಮೇಲೆ ಮಣ್ಣಿನ ರಸಾಯನಶಾಸ್ತ್ರದ ಒಂದು ತಂಡವನ್ನು ಸೇರಿದೆ. ಮೊದಲ ವರ್ಷ ಎಲ್ಲವೂ ಸರಿಯಾಗಿತ್ತು. ಪ್ರಯೋಗದ ಅಂಕಿಅಂಶವೊಂದರ ಬಗ್ಗೆ ಸಭೆಯಲ್ಲಿ ನಾನು ಪ್ರಶ್ನೆ ಎತ್ತಿದ ದಿನದಿಂದ ಗಾಳಿ ಬದಲಾಯಿತು. ಸಭೆಯ ಸಮಯ ಬದಲಾದದ್ದು ನನಗೊಬ್ಬಳಿಗೆ ತಿಳಿಯುತ್ತಿರಲಿಲ್ಲ. ಉಪಕರಣದ ಸರದಿ ಪಟ್ಟಿಯಿಂದ ನನ್ನ ಹೆಸರು ಮಾಯವಾಗುತ್ತಿತ್ತು. ನಾನು ಬರೆದ ಲೇಖನದಲ್ಲಿ ನನ್ನ ಹೆಸರು ಮೊದಲ ಸ್ಥಾನದಿಂದ ನಾಲ್ಕನೆಯದಕ್ಕೆ ಇಳಿಯಿತು. ನನ್ನ ಜರ್ಮನ್ ಉಚ್ಚಾರಣೆಯನ್ನು ಯಾರೋ ಅಣಕಿಸಿದರೆ ಮುಖ್ಯಸ್ಥರು ನಗುತ್ತಿದ್ದರು. ಅವರು ನಕ್ಕರೆಂದು ಉಳಿದವರೂ ನಗುತ್ತಿದ್ದರು. ಇವುಗಳಲ್ಲಿ ಯಾವುದೊಂದನ್ನೂ ಪ್ರತ್ಯೇಕವಾಗಿ ದೂರಿನಲ್ಲಿ ಬರೆಯಲಾಗದು, ಬರೆದರೆ ಬರೆದವರೇ ಹಗುರವಾಗುತ್ತಾರೆ. ಕಿರುಕುಳದ ಶಕ್ತಿ ಇರುವುದೇ ಈ ಸಣ್ಣತನದಲ್ಲಿ.

ಸ್ವೀಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಮನೋವಿಜ್ಞಾನಿ ಹೈನ್ಜ್ ಲೈಮನ್ ಇದನ್ನು ದಶಕಗಳ ಹಿಂದೆಯೇ ಅರ್ಥಮಾಡಿಕೊಂಡಿದ್ದರು. ವಾರಕ್ಕೊಮ್ಮೆಯಾದರೂ, ಕನಿಷ್ಠ ಆರು ತಿಂಗಳ ಕಾಲ, ಒಬ್ಬರನ್ನೇ ಗುರಿಯಾಗಿಸಿ ನಡೆಯುವ ಹಗೆಯ ವರ್ತನೆ ಎಂದು ಅವರು ಅದನ್ನು ವಿವರಿಸಿದರು. ಒಂದೊಂದು ಘಟನೆಯ ತೀವ್ರತೆಗಿಂತ ಅದರ ಪುನರಾವರ್ತನೆಯನ್ನು ಅವರು ಎಣಿಕೆಗೆ ತೆಗೆದುಕೊಂಡರು. ಸ್ವೀಡನ್ 1993ರಲ್ಲಿಯೇ ಈ ಬಗ್ಗೆ ನಿಯಮ ತಂದಿತು. ಜರ್ಮನಿಯಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. 2006ರ ಸಮಾನ ವರ್ತನೆಯ ಕಾಯಿದೆ ಜನಾಂಗ, ಧರ್ಮ, ಲಿಂಗ ಮುಂತಾದ ಕಾರಣಗಳಿಂದ ನಡೆಯುವ ಕಿರುಕುಳಕ್ಕೆ ಅನ್ವಯಿಸುತ್ತದೆ. ಪರಿಹಾರ ಕೇಳಲು ಅದು ಕೊಡುವ ಅವಧಿ ಎರಡೇ ತಿಂಗಳು. ಕಿರುಕುಳಕ್ಕೆ ಒಳಗಾದವರಿಗೆ ತಮಗೇನಾಗುತ್ತಿದೆ ಎಂದು ಅರಿವಾಗುವಷ್ಟರಲ್ಲಿ ಆ ಎರಡು ತಿಂಗಳು ಎಂದೋ ಕಳೆದಿರುತ್ತವೆ.

ಇದರ ಹಿಂದಿರುವ ವ್ಯವಸ್ಥೆ ನಿಮಗೆ ಗೊತ್ತಿರುವುದೇ. 2007ರ ಕಾಯಿದೆಯಂತೆ ಸಂಶೋಧಕರನ್ನು ಡಾಕ್ಟರೇಟಿಗೆ ಮುನ್ನ ಆರು ವರ್ಷ, ಆಮೇಲೆ ಸಾಮಾನ್ಯವಾಗಿ ಇನ್ನಾರು ವರ್ಷ ತಾತ್ಕಾಲಿಕ ಗುತ್ತಿಗೆಗಳಲ್ಲೇ ದುಡಿಸಿಕೊಳ್ಳಬಹುದು. 2021ರಲ್ಲಿ ‘ನಾನೇ ಹನ್ನಾ’ ಎಂದು ಸಾವಿರಾರು ಸಂಶೋಧಕರು ಟ್ವಿಟರ್‌ನಲ್ಲಿ ಬರೆದದ್ದು ಇದರ ವಿರುದ್ಧವೇ. ಆ ಬೆನ್ನಿಗೇ ‘ನಾನೇ ರೇಹಾನ್’ ಎಂಬ ಕೂಗೂ ಎದ್ದಿತು, ವಲಸಿಗರ ಹೆಸರಿನಲ್ಲಿ. ಹನ್ನಾ ಗುತ್ತಿಗೆ ಕಳೆದುಕೊಂಡರೆ ಕೆಲಸ ಕಳೆದುಕೊಳ್ಳುತ್ತಾಳೆ, ರೇಹಾನ್ ದೇಶವನ್ನೇ ಬಿಡಬೇಕಾಗಬಹುದು. ನನ್ನ ಗುತ್ತಿಗೆ, ವೀಸಾ, ಶಿಫಾರಸು ಪತ್ರ ಮೂರೂ ಒಬ್ಬನೇ ವ್ಯಕ್ತಿಯ ಸಹಿಗೆ ಕಾದಿದ್ದವು.

ನಿದ್ದೆ ಹೋಯಿತು. ಪ್ರಯೋಗಾಲಯದ ಬಾಗಿಲ ಹಿಡಿ ಮುಟ್ಟಿದರೆ ಕೈ ನಡುಗುತ್ತಿತ್ತು. ಆಗ ನಾನು ಮೊದಲು ಹೋದದ್ದು ನಮ್ಮವರೇ ಸೇರಿ ನಡೆಸುತ್ತಿದ್ದ ಒಂದು ಪ್ರಾರ್ಥನಾ ಕೂಟಕ್ಕೆ. ಅವರು ಒಳ್ಳೆಯವರು, ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಮೇಲೆ ಹೇಳಿದರು: ಕ್ಷಮಿಸು. ಇದು ನಿನ್ನನ್ನು ಪುಟಕ್ಕಿಡುವ ಬೆಂಕಿ. ಇನ್ನೊಂದು ಕೆನ್ನೆ ತೋರಿಸಬೇಕಲ್ಲವೇ. ಮನೆಗೆ ಬರುವಾಗ ಟ್ರಾಮಿನಲ್ಲಿ ಕೂತು ಯೋಚಿಸಿದೆ: ನಮ್ಮ ಮುಖ್ಯಸ್ಥರು ಈ ಕೂಟಕ್ಕೆ ಬಂದಿದ್ದರೆ ಇವರಿಗಿಂತ ಹೆಚ್ಚೇನನ್ನು ಕೇಳುತ್ತಿದ್ದರು? ಧರ್ಮವನ್ನು ಮಾರ್ಕ್ಸ್ ಅಫೀಮಿಗೆ ಹೋಲಿಸಿದ್ದು ಅಂದು ನನಗೆ ಸರಿಯೆನಿಸಿತು. ಅದೇ ಮಾತಿನ ಹಿಂದೆಯೇ ಅವರು ಧರ್ಮವನ್ನು ನೊಂದವರ ಪ್ರತಿಭಟನೆ ಎಂದೂ ಕರೆದಿದ್ದಾರೆಂಬುದು ನೆನಪಾದದ್ದು ಬಹಳ ದಿನಗಳ ನಂತರ.

ಒಂದು ರಾತ್ರಿ ಇಲ್ಲಿನ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಸಭೆಗಳು ಸೇರಿ ನಡೆಸುವ ಉಚಿತ ದೂರವಾಣಿ ಸೇವೆಗೆ ಕರೆ ಮಾಡಿದೆ. 1956ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಸೇವೆ ಅದು, ಹಗಲೂ ರಾತ್ರಿಯೂ ಇರುತ್ತದೆ, ಹೆಸರು ಹೇಳಬೇಕಾಗಿಲ್ಲ. ಆ ಕಡೆಯ ಹೆಂಗಸು ನನ್ನ ಮತವನ್ನು ಕೇಳಲಿಲ್ಲ, ಬೈಬಲಿನ ಒಂದು ವಚನವನ್ನೂ ಹೇಳಲಿಲ್ಲ. ಇವತ್ತು ಏನು ತಿಂದಿರಿ ಎಂದು ಕೇಳಿದರು. ನಾನು ಏನೂ ತಿಂದಿರಲಿಲ್ಲ. ನಾಳೆ ಯಾರ ಜೊತೆಯಾದರೂ ಕೂತು ಊಟ ಮಾಡಲು ಸಾಧ್ಯವೇ ಎಂದು ಕೇಳಿದರು.

ಮರುದಿನ ಮನೆಯ ಪಕ್ಕದ ಸಭೆಗೆ ಹೋದೆ. ಗುರುವಾರಗಳಂದು ಅಲ್ಲಿ ಯಾರು ಬಂದರೂ ಸೂಪು, ರೊಟ್ಟಿ ಕೊಡುತ್ತಿದ್ದರು. ಮೂರು ವಾರ ಸುಮ್ಮನೆ ತಿಂದು ಬಂದೆ. ನಾಲ್ಕನೆಯ ವಾರ ಸಭಾಪಾಲಕಿ ನನ್ನ ಎದುರು ಕೂತರು. ನಾನು ಮಾತನಾಡಿದೆ, ಅವರು ಕೇಳಿದರು. ಆಮೇಲೆ ಎಲೀಯನ ಕತೆಯನ್ನು ನೆನಪಿಸಿದರು. ರಾಣಿ ಈಜೆಬೆಲಳ ಬೆದರಿಕೆಗೆ ಅಂಜಿ ಓಡಿದ ಪ್ರವಾದಿ ಮರುಭೂಮಿಯ ಪೊದೆಯೊಂದರ ಕೆಳಗೆ ಕೂತು ತನಗೆ ಸಾವು ಬರಲಿ ಎಂದು ಬೇಡುತ್ತಾನೆ. ದೇವದೂತ ಬಂದು ಅವನಿಗೆ ಬುದ್ಧಿ ಹೇಳುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಇಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ದೇವರು ಅವನೊಡನೆ ಮಾತನಾಡುವುದು ನಲವತ್ತು ದಿನಗಳ ನಡಿಗೆಯ ಆಚೆ, ಹೋರೇಬ್ ಬೆಟ್ಟದಲ್ಲಿ. ಅಲ್ಲಿಯೂ ಮೊದಲು ಬರುವುದು ಒಂದು ಪ್ರಶ್ನೆ. ಎಲೀಯ ಅದೇ ದೂರನ್ನು ಎರಡು ಸಲ ಹೇಳುತ್ತಾನೆ, ಎರಡು ಸಲವೂ ದೇವರು ಕೇಳಿಸಿಕೊಳ್ಳುತ್ತಾನೆ.

ಭಾನುವಾರದ ಶಾಲೆಯಲ್ಲಿ ಎಷ್ಟೋ ಸಲ ಕೇಳಿದ ಕತೆ ಇದು. ನಾನು ಮಂಗಳೂರಿನ ಪ್ರೊಟೆಸ್ಟಂಟ್ ಮನೆತನದವಳು. 1834ರಲ್ಲಿ ಬಾಸೆಲ್ ಮಿಷನ್ ಬಂದಿಳಿದ ಊರು. ಅದರ ಮಿಷನರಿಗಳಲ್ಲಿ ಅನೇಕರು ಇಲ್ಲಿನ ವ್ಯುರ್ಟೆಂಬರ್ಗ್ ಸೀಮೆಯವರು. ಶುಭಶುಕ್ರವಾರದ ದಿನ ಈ ಸಭೆಯಲ್ಲಿ ಆರ್ಗನ್ ಆರಂಭವಾದಾಗ, ನನ್ನಜ್ಜಿ ಕನ್ನಡದಲ್ಲಿ ಹಾಡುತ್ತಿದ್ದ ರಾಗವೇ ಕೇಳಿಸಿತು. ಆ ಹಾಡಿನ ಜರ್ಮನ್ ಸಾಹಿತ್ಯವನ್ನು ರಚಿಸಿದವನು ಪೌಲ್ ಗೆರ್ಹಾರ್ಟ್. ಐದು ಮಕ್ಕಳಲ್ಲಿ ನಾಲ್ವರನ್ನು ಕಳೆದುಕೊಂಡವನು. ದೊರೆಯ ಆಜ್ಞಾಪತ್ರಕ್ಕೆ ಸಹಿ ಹಾಕಲು ಒಪ್ಪದೆ 1666ರಲ್ಲಿ ಬರ್ಲಿನ್ನಿನ ಕೆಲಸವನ್ನೂ ಕಳೆದುಕೊಂಡ. ಅಜ್ಜಿಗೆ ಇದು ಗೊತ್ತಿತ್ತೋ ಇಲ್ಲವೋ. ನಾನು ಮಾತ್ರ ಅಂದು ಹಾಡಲಾಗದೆ ಅತ್ತೆ. ಆ ಅಳು ನನಗೆ ಔಷಧವಾಯಿತು.

ಆ ದಿನಗಳಲ್ಲಿ ಕೀರ್ತನೆಗಳನ್ನು ಹೊಸದಾಗಿ ಓದಿದೆ. ಅವುಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಪ್ರಲಾಪಗಳು, ದೂರುಗಳು. ಐವತ್ತೈದನೆಯದು ಹಗೆಯವನ ಬಗ್ಗೆ ಅಲ್ಲ, ಜೊತೆಗೆ ನಡೆದ ಗೆಳೆಯನೇ ಎರಗಿದ್ದರ ಬಗ್ಗೆ. ಎಂಬತ್ತೆಂಟನೆಯದು ಸಮಾಧಾನವೇ ಇಲ್ಲದೆ ಕತ್ತಲೆಯಲ್ಲಿ ಮುಗಿಯುತ್ತದೆ, ಆದರೂ ಅದನ್ನು ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಬೈಬಲ್ ವಿದ್ವಾಂಸ ವಾಲ್ಟರ್ ಬ್ರೂಗ್‌ಮನ್ 1986ರ ಒಂದು ಲೇಖನದಲ್ಲಿ, ಸಭೆಯ ಆರಾಧನೆಯಲ್ಲಿ ಪ್ರಲಾಪ ಇಲ್ಲವಾದರೆ ನ್ಯಾಯದ ಪ್ರಶ್ನೆ ಕೇಳುವ ಶಕ್ತಿಯೂ ಇಲ್ಲವಾಗುತ್ತದೆ ಎಂದು ವಾದಿಸಿದ್ದರು. ಪ್ರಾರ್ಥನಾ ಕೂಟದಲ್ಲಿ ನನಗೆ ಸಿಗದೇ ಹೋದದ್ದು ಅದೇ.

ಕೆನ್ನೆಯ ವಿಷಯಕ್ಕೂ ಬರಬೇಕು. ಮಹಾಯಾಜಕನ ಎದುರು ಕಾವಲಿನವನೊಬ್ಬ ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ. ಯೇಸು ಅಲ್ಲಿ ಸುಮ್ಮನಿರಲಿಲ್ಲ, ಇನ್ನೊಂದು ಕೆನ್ನೆಯನ್ನೂ ಒಡ್ಡಲಿಲ್ಲ. ತಪ್ಪು ನುಡಿದಿದ್ದರೆ ತೋರಿಸು, ಸರಿಯಿದ್ದರೆ ಹೊಡೆದದ್ದೇಕೆ ಎಂದು ಕೇಳಿದ. ಯೋಹಾನನ ಸುವಾರ್ತೆಯ ಈ ಭಾಗವನ್ನು ಸಭಾಪಾಲಕಿ ತೆರೆದು ತೋರಿಸಿ, ನಿಮ್ಮ ಬಳಿ ದಿನಚರಿ ಇದೆಯೇ, ಯಾವ ದಿನ ಏನಾಯಿತೆಂದು ಬರೆದಿಟ್ಟಿದ್ದೀರಾ ಎಂದು ವಿಚಾರಿಸಿದರು. ಇಲ್ಲವೆಂದೆ. ಅಂದಿನಿಂದ ಬರೆಯತೊಡಗಿದೆ. ವಿಶ್ವವಿದ್ಯಾಲಯದ ನೌಕರರ ಮಂಡಳಿಗೆ ದೂರು ಕೊಡಲು ಹೋದ ದಿನ ಸೂಪು ಬಡಿಸುತ್ತಿದ್ದ ಎಪ್ಪತ್ತು ದಾಟಿದ ಹೆಂಗಸೊಬ್ಬರು ಜೊತೆಗೆ ಬಂದರು. ನಿವೃತ್ತ ಕಾರ್ಮಿಕ ಸಂಘಟಕಿ ಅವರು, ದೇವರನ್ನು ನಂಬುತ್ತೀರಾ ಎಂದರೆ ‘ಗುರುವಾರಗಳಲ್ಲಿ’ ಎನ್ನುತ್ತಿದ್ದವರು.

ಫಲಿತಾಂಶ ಹೇಳಿಕೊಳ್ಳುವಂಥದ್ದಲ್ಲ. ಲೇಖನದಲ್ಲಿ ನನ್ನ ಹೆಸರು ಮತ್ತೆ ಮೊದಲ ಸ್ಥಾನಕ್ಕೆ ಬಂತು. ಕ್ಷಮೆಯನ್ನು ಯಾರೂ ಕೇಳಲಿಲ್ಲ. ಗುತ್ತಿಗೆ ಮುಗಿಯಿತು, ಬೇರೆ ಊರಿಗೆ ಹೋದೆ. ಅವರನ್ನು ಕ್ಷಮಿಸಿದ್ದೀಯಾ ಎಂದು ಕೆಲವರು ಕೇಳುತ್ತಾರೆ. ಇನ್ನೂ ಇಲ್ಲ.

ಸಭೆಯನ್ನು ಹೊಗಳಲು ಬಂದವಳಲ್ಲ ನಾನು. ಜರ್ಮನಿಯಲ್ಲಿ ಡಿಯಾಕೊನಿ, ಕಾರಿತಾಸ್ ಎಂಬ ಸಭೆಗಳ ಸೇವಾ ಸಂಸ್ಥೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಾರೆ. ಅಲ್ಲಿನ ಕಾರ್ಮಿಕ ನಿಯಮಗಳೇ ಬೇರೆ, ಮುಷ್ಕರಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿಯೂ ಕೂಲಿ ಕೊಡುವ ಕೈ ಮತ್ತು ಆಶೀರ್ವದಿಸುವ ಕೈ ಒಂದೇ ಮಿಷನ್ನಿನದಾಗಿತ್ತು. ಅಂಥ ಕಡೆ ಕಿರುಕುಳಕ್ಕೊಳಗಾದವರು ಯಾವ ಬಾಗಿಲು ತಟ್ಟಬೇಕು?

ಇನ್ನೊಂದು ವಿಷಯ ಉಳಿದಿದೆ. ಆರಾಧನೆಯಲ್ಲಿ ಸಾಂತ್ವನದ ಮಾತಿಗಿಂತ ಮೊದಲು ಪಾಪ ನಿವೇದನೆ ಬರುತ್ತದೆ. ಒಂದು ಭಾನುವಾರ ಆ ಮೌನದಲ್ಲಿ ನೆನಪಾದದ್ದು ನನ್ನ ಮುಖ್ಯಸ್ಥರಲ್ಲ, ನಮ್ಮ ಪ್ರಯೋಗಾಲಯದ ಸಹಾಯಕಿ. ವಿಯೆಟ್ನಾಮಿನಿಂದ ಬಂದವಳು. ನನಗಿಂತ ಮೊದಲು ಅದೇ ನಗೆಗೆ ಗುರಿಯಾಗಿದ್ದವಳು ಅವಳು. ಆಗ ನನ್ನ ಗುತ್ತಿಗೆಯ ನವೀಕರಣ ಹತ್ತಿರವಿತ್ತು. ನಾನೂ ನಕ್ಕಿದ್ದೆ. ಅವಳು ಕೆಲಸ ಬಿಟ್ಟ ದಿನ ಕೇಕು ತಿಂದು ಬೀಳ್ಕೊಟ್ಟಿದ್ದೆ.

ಕಳೆದ ಚಳಿಗಾಲದಲ್ಲಿ ಅವಳ ವಿಳಾಸ ಹುಡುಕಿ ಕಾಗದ ಬರೆದೆ; ಕ್ಷಮಿಸು ಎಂದು ಬರೆಯಲಿಲ್ಲ, ನಾನು ಮಾಡಿದ್ದನ್ನಷ್ಟೇ ಬರೆದೆ. ಬೇಕಿದ್ದರೆ ನಿನ್ನ ಪರವಾಗಿ ಸಾಕ್ಷಿ ಹೇಳುತ್ತೇನೆ ಎಂದೂ ಸೇರಿಸಿದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ಈಗ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ, ಕಾಗದ ತಲುಪಿತು ಎಂದಷ್ಟೇ ಬರೆದಿದ್ದಳು.